ಬಾನೆಟ್ಟಿನೊಳಗೆ ‘ಅನ್‌ಡೂ’ ಇಲ್ಲ

“ಆಂಟಿ, ಹಳೇ ಪೇಪರ್ ಇದ್ಯಾ? ಎಷ್ಟಿದ್ರೂ ಕೊಡಿ.”

ಹೋದ ಚಳಿಗಾಲದ ಒಂದು ಶನಿವಾರ ಡಬ್ಲಿನ್ ಹತ್ತಿರದ ಲೂಕನ್‌ನ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದ ಹುಡುಗನಿಗೆ ಮೊಣಕೈವರೆಗೂ ಮಸಿ. ನಮ್ಮ ದಾವಣಗೆರೆ ಕಡೆಯವನು. ಡಬ್ಲಿನ್‌ನಲ್ಲಿ ದೊಡ್ಡ ಕೆಲಸ, ಬುದ್ಧಿವಂತ. ನಡುರಾತ್ರಿ ಸರ್ವರ್ ಮಲಗಿದರೆ ತಾನು ಹಾಸಿಗೆಯಲ್ಲಿ ಕೂತಲ್ಲಿಂದಲೇ ಅದನ್ನು ಎಬ್ಬಿಸುತ್ತಾನೆ. ಅವತ್ತು ಯೂಟ್ಯೂಬ್ ನೋಡಿಕೊಂಡು ಕಾರಿನ ಎಂಜಿನ್ ಆಯಿಲ್ ಬದಲಾಯಿಸಲು ಇಳಿದಿದ್ದ. ಹಳೇ ಎಣ್ಣೆ ಇಳಿಸಿದ, ಫಿಲ್ಟರ್ ಹಾಕಿದ, ಅಲ್ಲಿಯವರೆಗೂ ಸರಿ. ತಳದ ಬೋಲ್ಟ್ ಕೂರಿಸುವಾಗ ‘ಇನ್ನೊಂಚೂರು ಬಿಗಿಯಾಗಿರಲಿ’ ಅಂತ ಪಾನಾಕ್ಕೆ ಎರಡೂ ಕೈ ಕೊಟ್ಟ. ಬೋಲ್ಟ್ ಉಕ್ಕಿನದು, ಎಣ್ಣೆಯ ತೊಟ್ಟಿ ಅಲ್ಯೂಮಿನಿಯಮ್ಮಿನದು. ಒಳಗಿನ ಥ್ರೆಡ್ಡು ಸುರುಳಿಯಾಗಿ ಕಿತ್ತು ಬಂತು. ಅದು ಗೊತ್ತಾಗುವಷ್ಟರಲ್ಲಿ ಹೊಸ ಎಣ್ಣೆ ಸುರಿದಾಗಿತ್ತು. ಮೇಲಿಂದ ಮಳೆ, ಕೆಳಗಿಂದ ಎಣ್ಣೆ, ಇಳಿಜಾರಿನ ಅಂಗಳ. ನನ್ನ ಪೇಪರೆಲ್ಲ ಮುಗಿದ ಮೇಲೆ ಬೆಕ್ಕಿನ ತಟ್ಟೆಗೆ ಹಾಕುವ ಮಣ್ಣಿನ ಚೀಲ ತಂದು ಚೆಲ್ಲಿದೆವು. ಎಣ್ಣೆ ಹೀರುವುದಕ್ಕೆ ಅದರಂಥದ್ದು ಇನ್ನೊಂದಿಲ್ಲ, ನೆನಪಿಟ್ಟುಕೊಳ್ಳಿ.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಕಥೆ. ಸರ್ವಿಸಿನ ದುಡ್ಡು ಉಳಿಸಲು ಹೋದವನು ಕಾರನ್ನು ಲಾರಿಯ ಮೇಲೆ ಹೇರಿಸಿ ಕಳಿಸಿದ. ಬೈಯಬೇಕು ಅನ್ನಿಸಿದರೂ ಆ ಮುಖ ನೋಡಿ ಕಾಫಿ ಕೊಟ್ಟೆ. ಅವನಿಗೆ ಅವತ್ತು ಹೇಳದೆ ಉಳಿಸಿಕೊಂಡಿದ್ದನ್ನು ಈಗ ಅವನ ಹಾಗೆ ಕಂಪ್ಯೂಟರ್ ಕೆಲಸಕ್ಕೆಂದು ಇಲ್ಲಿಗೆ ಬಂದ ನಿಮಗೆಲ್ಲ ಹೇಳುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ.

ನಾನು ಮೆಕ್ಯಾನಿಕ್ ಅಲ್ಲ, ನರ್ಸು. ಆದರೆ ಹಾಸನದಲ್ಲಿ ನಮ್ಮ ಸೋದರಮಾವನಿಗೆ ಗ್ಯಾರೇಜು ಇತ್ತು. ರಜೆಯಲ್ಲಿ ಹತ್ತು-ಹನ್ನೊಂದರ ಪಾನಾ, ಹನ್ನೆರಡು-ಹದಿಮೂರರ ಪಾನಾ ಅಂತ ಎತ್ತಿ ಕೊಡುವ ಕೆಲಸ ನನ್ನದು. ಹಾಗಾಗಿ ಸ್ವಂತ ಕೈಯಿಂದ ಮಾಡಬೇಡಿ ಅಂತ ನಾನು ಹೇಳುವುದಿಲ್ಲ. ಒಂದು ಕೆಲಸದ ಕೈಚಳಕವನ್ನು ಇನ್ನೊಂದಕ್ಕೆ ಸಾಲ ತರಬೇಡಿ ಅನ್ನುತ್ತೇನೆ, ಅಷ್ಟೇ. ಬೆಂಗಳೂರಿನಲ್ಲಿ ಕಂಪ್ಯೂಟರ್ ಬಿಡಿಭಾಗಕ್ಕೆ ಎಸ್.ಪಿ. ರಸ್ತೆ, ಗಾಡಿ ಬಿಡಿಭಾಗಕ್ಕೆ ಜೆ.ಸಿ. ರಸ್ತೆ. ಎರಡೂ ನಡೆದು ಹೋಗುವಷ್ಟು ಹತ್ತಿರ. ಹಾಗಂತ ಅಲ್ಲಿಯವನನ್ನು ಇಲ್ಲಿ ಕೂರಿಸಿದರೆ ಅಂಗಡಿ ನಡೆಯುತ್ತದೆಯೇ? ಐರ್ಲೆಂಡ್ ಸರ್ಕಾರವೂ ಸಾಲ ತಂದ ಕೈಚಳಕವನ್ನು ನಂಬುವುದಿಲ್ಲ. ಹದಿನೈದು ವರ್ಷ ಸಿಲ್ಕ್ ಬೋರ್ಡಿನಲ್ಲಿ ಕಾರು ಓಡಿಸಿದವರೂ ಇಲ್ಲಿ ನೆಲೆಸಿದ ಮೇಲೆ ಥಿಯರಿ ಪರೀಕ್ಷೆ ಬರೆದು, ಎಲ್ ಬೋರ್ಡ್ ಅಂಟಿಸಿಕೊಂಡು, ಪಾಠಕ್ಕೆ ಹೋಗಿಯೇ ಲೈಸೆನ್ಸ್ ತೆಗೆದುಕೊಳ್ಳಬೇಕು. ಆಗ ಗೊಣಗಿದ್ದಿರಿ, ನನಗೆ ಗೊತ್ತು.

ಕಂಪ್ಯೂಟರಿನವರಿಗೆ ಬರುವ ಧೈರ್ಯದ ಬೇರು ಎಲ್ಲಿದೆ ಅಂತ ನಾನು ತುಂಬ ಯೋಚಿಸಿದ್ದೇನೆ. ಅಲ್ಲಿ ತಪ್ಪು ಅಗ್ಗ. ಕೆಟ್ಟರೆ ಕಂಟ್ರೋಲ್ ಝಡ್ ಒತ್ತಿದರಾಯಿತು, ಹಳೇ ಪ್ರತಿ ತಂದರಾಯಿತು, ಆಫ್ ಮಾಡಿ ಆನ್ ಮಾಡಿದರಾಯಿತು. ಹತ್ತು ಸಲ ಕೆಡಿಸಿಯೇ ನೀವು ಜಾಣರಾದದ್ದು. ಕಾರಿನಲ್ಲಿ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಿತ್ತುಬಂದ ಥ್ರೆಡ್ಡು ಹಿಂದಕ್ಕೆ ಹೋಗಿ ಅಂಟಿಕೊಳ್ಳುವುದಿಲ್ಲ. ಇನ್ನೊಂದು ವಿಷಯವೂ ಇದೆ. ಕಂಪ್ಯೂಟರಿಗೆ ಇರುವುದು ಹೌದು ಮತ್ತು ಅಲ್ಲ, ಎರಡೇ. ಬೋಲ್ಟಿಗೆ ಸಡಿಲ, ಸಾಲದು, ಸರಿ, ಜಾಸ್ತಿ, ಹೋಯ್ತು ಅಂತ ಮೆಟ್ಟಿಲುಗಳಿವೆ. ಯಾವ ಮೆಟ್ಟಿಲಲ್ಲಿ ನಿಲ್ಲಬೇಕು ಅನ್ನುವುದು ವಿಡಿಯೋದಲ್ಲಿ ಕಾಣಿಸುವುದಿಲ್ಲ, ಮಣಿಕಟ್ಟಿಗೆ ಗೊತ್ತಾಗಬೇಕು. ಆ ಮಣಿಕಟ್ಟು ಬರುವ ತನಕ ಟಾರ್ಕ್ ರೆಂಚ್ ಇಟ್ಟುಕೊಂಡು, ಕಾರಿನ ಪುಸ್ತಕ ಹೇಳಿದಷ್ಟಕ್ಕೇ ಬಿಗಿ ಮಾಡಿ. ಕೈಯಲ್ಲಿ ಶಕ್ತಿ ಇದೆ ಅಂತ ತೋರಿಸುವ ಜಾಗ ಅದಲ್ಲ.

ಈ ಹೌದು-ಅಲ್ಲದ ತರ್ಕಕ್ಕೆ ಗಣಿತದ ರೂಪ ಕೊಟ್ಟ ಜಾರ್ಜ್ ಬೂಲ್ ಪಾಠ ಹೇಳುತ್ತಿದ್ದದ್ದು ಇದೇ ದೇಶದಲ್ಲಿ, ಕಾರ್ಕ್ ಊರಿನಲ್ಲಿ. 1849ರಲ್ಲಿ ಅಲ್ಲಿನ ಕ್ವೀನ್ಸ್ ಕಾಲೇಜಿಗೆ ಗಣಿತದ ಮೊದಲ ಪ್ರಾಧ್ಯಾಪಕರಾಗಿ ಬಂದರು. ನಿಮ್ಮೆಲ್ಲರ ಅನ್ನ ಆ ಮಹಾನುಭಾವನ ತಲೆಯಿಂದ ಹುಟ್ಟಿದ್ದು ಅಂದರೂ ತಪ್ಪಿಲ್ಲ. ಅಂಥವರು 1864ರ ನವೆಂಬರಿನಲ್ಲಿ ಸುರಿಯುವ ಮಳೆಯಲ್ಲಿ ಮನೆಯಿಂದ ಕಾಲೇಜಿಗೆ ನಡೆದು ಹೋಗಿ, ಒದ್ದೆ ಬಟ್ಟೆಯಲ್ಲೇ ಪಾಠ ಮಾಡಿದರು. ಜ್ವರ ಬಂತು. ಕಾಯಿಲೆ ಯಾವುದರಿಂದ ಬಂತೋ ಅದರಿಂದಲೇ ಹೋಗುತ್ತದೆ ಎಂದು ನಂಬಿದ್ದ ಹೆಂಡತಿ ಒದ್ದೆ ಹೊದಿಕೆ ಹೊದಿಸಿದರು ಅಂತ ಹೇಳುವುದುಂಟು. ಡಿಸೆಂಬರಿನಲ್ಲಿ ತೀರಿಕೊಂಡಾಗ ಅವರಿಗೆ 49 ವರ್ಷ. ತರ್ಕ ಬಲ್ಲವರ ಮನೆಯಲ್ಲೂ ಹೀಗಾಗುತ್ತದೆ. ನೀವಂತೂ ಮಳೆಯಲ್ಲಿ ಕಾರಿನ ಕೆಳಗೆ ಮಲಗಬೇಡಿ.

ಕೆಳಗೆ ಮಲಗುವ ಮಾತು ಬಂತಲ್ಲ, ಇದನ್ನು ಮಾತ್ರ ಬೈದೇ ಹೇಳುತ್ತೇನೆ. ಕಾರಿನ ಜೊತೆ ಬರುವ ಜ್ಯಾಕ್ ಇರುವುದು ಚಕ್ರ ಬದಲಾಯಿಸುವುದಕ್ಕೆ. ಅದೊಂದನ್ನೇ ನಂಬಿ ದೇಹದ ಯಾವ ಭಾಗವನ್ನೂ ಕಾರಿನ ಕೆಳಗೆ ತೂರಿಸಬಾರದು, ಒಂದು ನಿಮಿಷಕ್ಕೂ ಬೇಡ. ಎಲುಬಿನ ವಾರ್ಡಿನಲ್ಲಿ ರಾತ್ರಿ ಪಾಳಿ ಮಾಡಿದವಳು ನಾನು. ‘ಬರೀ ಒಂದು ನಿಮಿಷ ಅಂತ ಕೈ ಹಾಕಿದೆ ಸಿಸ್ಟರ್’ ಅನ್ನುವ ಮಾತನ್ನು ಕೇಳಿದ್ದೇನೆ. ಕೆಳಗೆ ಹೋಗಲೇಬೇಕಾದರೆ ಸಮನಾದ ಗಟ್ಟಿ ನೆಲ, ಚಕ್ರಕ್ಕೆ ಅಡ್ಡಗಟ್ಟೆ, ಎರಡು ಆಕ್ಸಲ್ ಸ್ಟ್ಯಾಂಡ್. ಇಷ್ಟಿಲ್ಲದಿದ್ದರೆ ಒಳಗೆ ಬಂದು ಟೀ ಕುಡಿಯಿರಿ.

ಪಂಚರ್ ಆದರೆ ನಟ್ಟುಗಳನ್ನು ಚಕ್ರ ನೆಲದಲ್ಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ, ಆಮೇಲೆ ಎತ್ತಿ. ಹಾಕುವಾಗ ಒಂದು ಬಿಟ್ಟು ಎದುರಿನದು ಅನ್ನುವ ಹಾಗೆ ಬಿಗಿಯುತ್ತ ಬನ್ನಿ. ಆದರೆ ಎಂ50ಯಂಥ ಹೆದ್ದಾರಿಯ ಅಂಚಿನಲ್ಲಿ ಈ ಸಾಹಸ ಬೇಡವೇ ಬೇಡ. ಎಡಗಡೆ ಬಾಗಿಲಿನಿಂದ ಇಳಿದು, ಮಕ್ಕಳನ್ನೂ ಇಳಿಸಿ, ತಡೆಬೇಲಿಯ ಆಚೆ ನಿಂತು ಸಹಾಯಕ್ಕೆ ಫೋನ್ ಮಾಡಿ. ಅಪಾಯ ಕಂಡರೆ 112. ಇಲ್ಲಿಯವರ ಹತ್ತಿರ ‘ಸ್ಟೆಪ್ನಿ’ ಅಂದರೆ ಮಿಕಮಿಕ ನೋಡುತ್ತಾರೆ, ‘ಸ್ಪೇರ್’ ಅನ್ನಿ. ತಮಾಷೆ ಏನೆಂದರೆ ಆ ಹೆಸರು ಇಲ್ಲಿಂದ ಒಂದು ಸಮುದ್ರ ದಾಟಿದರೆ ಸಿಗುವ ವೇಲ್ಸ್‌ನ ಲನೆಲ್ಲಿ ಊರಿನ ಸ್ಟೆಪ್ನಿ ಬೀದಿಯಿಂದ ಬಂದದ್ದು. ಹೆಚ್ಚುವರಿ ಚಕ್ರವನ್ನು 1904ರಲ್ಲಿ ಅಲ್ಲೇ ಮಾಡಿ ಮಾರಲು ಶುರು ಮಾಡಿದರು. ಅವರು ಮರೆತರು, ನಾವು ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದೇವೆ. ಅಂದಹಾಗೆ ನಿಮ್ಮ ಡಿಕ್ಕಿಯಲ್ಲಿ ಸ್ಟೆಪ್ನಿ ಇದೆಯೇ? ಎಷ್ಟೋ ಹೊಸ ಕಾರುಗಳಲ್ಲಿ ಬರೀ ಅಂಟಿನ ಡಬ್ಬಿ, ಪುಟ್ಟ ಪಂಪು ಕೊಟ್ಟಿರುತ್ತಾರೆ. ಹೋಗಿ ನೋಡಿಕೊಳ್ಳಿ.

ಇನ್ನು ನಿಮ್ಮಲ್ಲಿ ಎರಡನೆಯ ಜಾತಿಯವರು. ಲ್ಯಾಪ್‌ಟಾಪಿನ ಹೊಟ್ಟೆ ಬಗೆದು ಮೆಮರಿ ಹಾಕುತ್ತೀರಿ, ಕಾರಿನ ಗಾಜು ತೊಳೆಯುವ ನೀರು ಮುಗಿದರೆ ಮಾತ್ರ ಗ್ಯಾರೇಜಿಗೆ ಓಡುತ್ತೀರಿ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರು ಅಂತಾರಲ್ಲ, ಹಾಗೆ. ಡಿಪ್‌ಸ್ಟಿಕ್ ಎಳೆದು ಎಣ್ಣೆ ನೋಡುವುದು, ವೈಪರ್ ರಬ್ಬರು ಬದಲಾಯಿಸುವುದು, ತಣ್ಣಗಿರುವ ಟೈರಿಗೆ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಷ್ಟು ಗಾಳಿ ತುಂಬುವುದು, ಸುಲಭದಲ್ಲಿ ಕೈ ಹೋಗುವ ಬಲ್ಬ್ ಹಾಕುವುದು ನಿಮ್ಮ ಕೆಲಸವೇ. ಟೈರಿನ ಹಳ್ಳಗಳಲ್ಲಿ ಅಡ್ಡಲಾಗಿ ಸಣ್ಣ ದಿಬ್ಬಗಳಿರುತ್ತವೆ, ಬೆರಳಾಡಿಸಿ ನೋಡಿ. ರಬ್ಬರು ಆ ಮಟ್ಟಕ್ಕೆ ಸವೆದರೆ ಕಾನೂನಿನ 1.6 ಮಿಲಿಮೀಟರಿಗೆ ಬಂದಿದ್ದೀರಿ ಅಂತ ಅರ್ಥ. ಈ ದೇಶದ ಮಳೆಗೆ ಅಲ್ಲಿಯವರೆಗೂ ಕಾಯಬೇಡಿ.

ಕಾರು ರಸ್ತೆಗೆ ಯೋಗ್ಯವೇ ಅಂತ ನೋಡುವ ಇಲ್ಲಿನ ಎನ್‌ಸಿಟಿ ಪರೀಕ್ಷೆಗೆ ಇದೆಲ್ಲ ಉಪಯೋಗಕ್ಕೆ ಬರುತ್ತದೆ. ಕಾರಿಗೆ 4 ವರ್ಷ ತುಂಬಿದಾಗ ಮೊದಲ ಸಲ, ಆಮೇಲೆ ಎರಡು ವರ್ಷಕ್ಕೊಮ್ಮೆ, 10 ದಾಟಿದರೆ ಪ್ರತಿವರ್ಷ. ಹಿಂದಿನ ದಿನ ಸಂಜೆ ಒಬ್ಬರು ಒಳಗೆ ಕೂತು ಬ್ರೇಕು, ಇಂಡಿಕೇಟರು ಒತ್ತಲಿ, ಇನ್ನೊಬ್ಬರು ಸುತ್ತ ನಡೆದು ದೀಪ ನೋಡಲಿ. ಚಕ್ರದ ಪ್ಲಾಸ್ಟಿಕ್ ಮುಚ್ಚಳ ತೆಗೆದಿಡಿ. ಡಿಕ್ಕಿಯಲ್ಲಿರುವ ಅಕ್ಕಿ ಮೂಟೆ ಇಳಿಸಿ, ಅದಕ್ಕೂ ನಾನೇ ಹೇಳಬೇಕೆ?

ಪೆಟ್ರೋಲ್ ಬಂಕಿನಲ್ಲಿ ಇಲ್ಲಿ ನಾವೇ ಹಾಕಿಕೊಳ್ಳಬೇಕು. ಹಸಿರು ಹಿಡಿ ಪೆಟ್ರೋಲಿಗೆ, ಕಪ್ಪು ಡೀಸೆಲಿಗೆ. ಫೋನಿನಲ್ಲಿ ಮಾತಾಡುತ್ತ ತಪ್ಪಿದ್ದನ್ನು ಹಾಕಿಬಿಟ್ಟರೆ ಕೀಲಿ ತಿರುಗಿಸಲೇಬೇಡಿ, ಅಲ್ಲೇ ನಿಂತು ಹೇಳಿ. ನಾಚಿಕೆಪಟ್ಟು ‘ಮನೆಯವರೆಗೆ ಹೋಗಿಬಿಡೋಣ’ ಅಂದರೆ ಪಂಪು, ಇಂಜೆಕ್ಟರು ಎಲ್ಲವನ್ನೂ ಸೇರಿಸಿ ನಾಚಿಕೆಪಡಬೇಕಾಗುತ್ತದೆ.

ಕಂಪ್ಯೂಟರ್ ಬಲ್ಲವರಿಗೆ ಇನ್ನೊಂದು ಆಟಿಕೆ ಇದೆ. ಸ್ಟಿಯರಿಂಗಿನ ಕೆಳಗೆ ಚುಚ್ಚಿ ಫೋನಿನಲ್ಲಿ ಕಾರಿನ ದೋಷದ ಕೋಡ್ ಓದುವ ಒಬಿಡಿ ಡಬ್ಬಿ. ಇಟ್ಟುಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಅದು ಥರ್ಮಾಮೀಟರಿನ ಹಾಗೆ. ಜ್ವರ 102 ಅಂತ ಹೇಳುತ್ತದೆ, ಟೈಫಾಯ್ಡೋ ಡೆಂಗಿಯೋ ಹೇಳುವುದಿಲ್ಲ. ಪಿ0420 ಅಂತ ಬಂದ ತಕ್ಷಣ ಸೈಲೆನ್ಸರಿನ ಕಡೆಯ ದುಬಾರಿ ಕ್ಯಾಟಲಿಟಿಕ್ ಕನ್ವರ್ಟರ್ ಆರ್ಡರ್ ಮಾಡಿದವರಿದ್ದಾರೆ. ಸೆನ್ಸರ್ ಹಾಳಾಗಿದ್ದರೂ, ಎಲ್ಲೋ ಹೊಗೆ ಸೋರುತ್ತಿದ್ದರೂ ಅದೇ ಕೋಡ್ ಬರಬಹುದು. ಆತುರಗಾರನಿಗೆ ಬುದ್ಧಿ ಮಟ್ಟ. ಕೋಡನ್ನು ಅಳಿಸಿ, ಎಚ್ಚರಿಕೆಯ ದೀಪ ಆರಿತು ಅಂತ ಕುಣಿಯುವುದಂತೂ ಜ್ವರ ಇಳಿಸಲು ಥರ್ಮಾಮೀಟರ್ ಒಡೆದ ಹಾಗೆ. ಬರೆದುಕೊಂಡು ಮೆಕ್ಯಾನಿಕ್ಕಿಗೆ ತೋರಿಸಿ. ಹಾಗೇ, ನೀವು ಏನೇನು ಬಿಚ್ಚಿದ್ದಿರಿ ಅನ್ನುವುದನ್ನೂ ಹೇಳಿ. ವೈದ್ಯರ ಹತ್ತಿರ, ಲಾಯರ ಹತ್ತಿರ ಸುಳ್ಳು ಹೇಳಬಾರದು ಅನ್ನುತ್ತಾರೆ, ಗ್ಯಾರೇಜಿನವನನ್ನೂ ಆ ಸಾಲಿಗೆ ಸೇರಿಸಿಕೊಳ್ಳಿ.

ಬ್ರೇಕು, ಸ್ಟಿಯರಿಂಗು, ಏರ್‌ಬ್ಯಾಗು, ಇವುಗಳ ತಂಟೆಗೆ ಹೋಗಬೇಡಿ. ಹೈಬ್ರಿಡ್, ಎಲೆಕ್ಟ್ರಿಕ್ ಕಾರಿನ ಬಾನೆಟ್ ಕೆಳಗೆ ಕಿತ್ತಳೆ ಬಣ್ಣದ ದಪ್ಪ ವೈರು ಕಂಡರೆ ಮುಚ್ಚಿ ಬನ್ನಿ. ಅದು ನಿಮ್ಮ ಯುಎಸ್‌ಬಿ ಅಲ್ಲ.

ಹಾಗಾದರೆ ಬೇರೆ ಕಸುಬಿನವರು ಏನನ್ನೂ ಮುಟ್ಟಬಾರದೇ ಅಂತ ಕೇಳುತ್ತೀರಿ. ಟೈರಿಗೆ ಗಾಳಿ ತುಂಬುವುದನ್ನು ಜಗತ್ತಿಗೆ ರೂಢಿ ಮಾಡಿಸಿದ ಡನ್‌ಲಪ್ ಯಾರು ಗೊತ್ತೇ? ಬೆಲ್‌ಫಾಸ್ಟಿನಲ್ಲಿ ದನ-ಕುದುರೆಗಳ ವೈದ್ಯ. ಮಗನ ಮೂರು ಚಕ್ರದ ಸೈಕಲ್ಲು ಕುಲುಕುತ್ತದೆ ಅಂತ ರಬ್ಬರಿನ ಕೊಳವೆ ಸುತ್ತಿ 1888ರಲ್ಲಿ ಪೇಟೆಂಟ್ ಪಡೆದರು. ಮರುವರ್ಷ ಡಬ್ಲಿನ್‌ನಲ್ಲಿ ಟೈರಿನ ಕಾರ್ಖಾನೆಯೇ ಎದ್ದಿತು. ಆದರೆ ಮೊದಲು ಅವರು ಮಾಡಿದ್ದೇನು? ಹಳೇ ಚಕ್ರ, ಹೊಸ ಚಕ್ರ ಎರಡನ್ನೂ ಮನೆಯ ಅಂಗಳದಲ್ಲಿ ಉರುಳಲು ಬಿಟ್ಟು ಯಾವುದು ದೂರ ಹೋಗುತ್ತದೆ ಅಂತ ನೋಡಿದರು. ಮಗುವನ್ನು ಕೂರಿಸಿದ್ದು ಆಮೇಲೆ. ನೀವೂ ಹಾಗೇ ಅಂಗಳದಲ್ಲಿ ಕಲಿಯಿರಿ, ಸೋಮವಾರ ಬೆಳಿಗ್ಗೆ ಆಫೀಸಿಗೆ ಬೇಕಾದ ಕಾರಿನ ಮೇಲೆ ಭಾನುವಾರ ಸಂಜೆ ಕಲಿಯಬೇಡಿ.

ಕಂಪ್ಯೂಟರಿನಲ್ಲಿ ಯಾವಾಗಲೂ ‘ಅನ್‌ಡೂ’ ಇರುತ್ತದೆ ಅಂತಲೂ ಹಾರಾಡಬೇಡಿ. 2021ರ ಮೇ 14ರಂದು ಇಲ್ಲಿನ ಆರೋಗ್ಯ ಸೇವೆ ಎಚ್‌ಎಸ್‌ಇಯ ಕಂಪ್ಯೂಟರುಗಳಿಗೆ ಕನ್ನ ಬಿದ್ದಿತಲ್ಲ, ಅದು ಶುರುವಾದದ್ದು ಅದಕ್ಕೂ ಎರಡು ತಿಂಗಳ ಮೊದಲು ಇಮೇಲಿನಲ್ಲಿ ಬಂದ ಒಂದು ಎಕ್ಸೆಲ್ ಫೈಲ್ ತೆರೆದದ್ದರಿಂದ. ನಾವು ನರ್ಸುಗಳು ಮತ್ತೆ ಪೆನ್ನು, ಕಾಗದ ಹಿಡಿದೆವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಿಮ್ಮ ಮಗುವಿನ ನಾಮಕರಣದ ಫೋಟೋಗಳ ಇನ್ನೊಂದು ಪ್ರತಿ ಎಲ್ಲಿದೆ? ಅದನ್ನು ಮೊದಲು ಹೇಳಿ.

ನನ್ನ ಪಕ್ಕದ ಮನೆಯ ಅಜ್ಜ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಎಂಜಿನ್ ಶಬ್ದ ಕೇಳಿ, ತಲೆ ಓರೆ ಮಾಡಿ, ‘ಬೆಲ್ಟು’ ಅನ್ನುತ್ತಾರೆ, ಬೆಲ್ಟೇ ಆಗಿರುತ್ತದೆ. ಆನ್‌ಲೈನಿನಲ್ಲಿ ಮೋಟಾರ್ ಟ್ಯಾಕ್ಸ್ ಕಟ್ಟುವಾಗ ಮಾತ್ರ ಮಗುವಿನ ಹಾಗೆ ಹೆದರುತ್ತಾರೆ. ನಾನು ಅವರ ಟ್ಯಾಕ್ಸ್ ಕಟ್ಟಿಕೊಡುತ್ತೇನೆ, ಬ್ಯಾಂಕಿನವರು ಅಂತ ಫೋನ್ ಬಂದರೆ ‘ಇಡಿ, ನಾನು ಬರ್ತೀನಿ’ ಅನ್ನುತ್ತೇನೆ. ಅವರು ನನ್ನ ಕಾರಿನ ಕಿವಿ. ಹಳ್ಳಿಯಲ್ಲಿ ನಾಟಿ, ಕೊಯ್ಲಿಗೆ ಒಬ್ಬರ ಗದ್ದೆಗೆ ಇನ್ನೊಬ್ಬರು ಮುಯ್ಯಾಳು ಹೋಗುತ್ತಿದ್ದರಲ್ಲ, ಇಲ್ಲಿಯ ರೈತರಲ್ಲೂ ಅದು ಇತ್ತು, ‘ಮೆಹಲ್’ ಅನ್ನುತ್ತಾರೆ ಅಂತ ಹೇಳಿಕೊಟ್ಟದ್ದು ಅವರೇ. ಆಯಿಲ್ ಚೆಲ್ಲಿಕೊಂಡ ಹುಡುಗ ಈಗ ಶನಿವಾರ ಅಜ್ಜನ ಲ್ಯಾಪ್‌ಟಾಪ್ ನೋಡುತ್ತಾನೆ. ಅಜ್ಜ ಅವನಿಗೆ ಪಾನಾ ಹಿಡಿಯುವುದನ್ನು ಹೇಳಿಕೊಡುತ್ತಿದ್ದಾರೆ. ಬೋಲ್ಟನ್ನು ಮೊದಲು ಬರಿಗೈಯಲ್ಲೇ ಕೊನೆಯವರೆಗೂ ತಿರುಗಿಸು, ಸಲೀಸಾಗಿ ಹೋಗದಿದ್ದರೆ ಬಿಚ್ಚಿ ಮತ್ತೆ ಶುರುಮಾಡು ಅನ್ನುವುದು ಮೊದಲ ಪಾಠ. ಮೂರು ವಾರದಿಂದ ಅದೇ ನಡೆಯುತ್ತಿದೆ. ಹಳೇ ಎಣ್ಣೆಯನ್ನು ಚರಂಡಿಗೆ ಸುರಿಯದೆ ಡಬ್ಬಿಯಲ್ಲಿ ತುಂಬಿ ಕೌನ್ಸಿಲ್‌ನ ರೀಸೈಕ್ಲಿಂಗ್ ಸೆಂಟರಿಗೆ ಒಯ್ದು ಕೊಡುವುದನ್ನೂ ಕಲಿತಿದ್ದಾನೆ.

ನಿಮ್ಮ ಬೀದಿಯಲ್ಲೂ ಅಂಥ ಅಜ್ಜ ಇರುತ್ತಾರೆ, ಹುಡುಕಿ. ಅಲ್ಲಿಯವರೆಗೆ ಈ ಭಾನುವಾರ ಮಳೆ ನಿಂತ ಹೊತ್ತು ನೋಡಿಕೊಂಡು ಬಾನೆಟ್ ತೆರೆದು ಎಣ್ಣೆಯ ಮಟ್ಟವೊಂದನ್ನು ನೋಡಿ. ತೆರೆಯುವ ಹಿಡಿ ನಿಮ್ಮ ಕಾಲ ಹತ್ತಿರ ಸಿಗಲಿಲ್ಲ ಅಂದರೆ ಗಾಬರಿಯಾಗಬೇಡಿ. ಎಡಗಡೆ ಸ್ಟಿಯರಿಂಗಿನ ದೇಶಕ್ಕೆಂದು ಮಾಡಿದ ಎಷ್ಟೋ ಕಾರುಗಳಲ್ಲಿ ಅದು ಪಕ್ಕದ ಸೀಟಿನವರ ಕಾಲ ಬಳಿಯೇ ಉಳಿದುಬಿಟ್ಟಿರುತ್ತದೆ.