ಹುಳುವಿಗೆ ದಾರ ಕಟ್ಟಿ ಕಲಿತದ್ದು

ರಾಮನಗರ, ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವವರ ಮನೆಗೆ ನೀವು ಹೋಗಿದ್ದರೆ ಹಿಪ್ಪುನೇರಳೆ ಸೊಪ್ಪು ಮೇಯುವ ಹುಳುಗಳನ್ನು ಕಂಡಿರುತ್ತೀರಿ. ಕಾಣದಿದ್ದರೂ ಅಡ್ಡಿಯಿಲ್ಲ, ಮೊದಲಿನಿಂದಲೇ ಹೇಳುತ್ತೇನೆ.

ಮೊಟ್ಟೆಯಿಂದ ಹೊರಬರುವ ಮರಿಹುಳುವನ್ನು ಲಾರ್ವಾ ಎನ್ನುತ್ತೇವೆ. ತಿಂದು ಬೆಳೆಯುವುದಷ್ಟೇ ಅದರ ಕೆಲಸ. ಇಪ್ಪತ್ತೈದು ದಿನಗಳ ಆಸುಪಾಸಿನಲ್ಲಿ ಅದರ ತೂಕ ಸುಮಾರು 10,000 ಪಟ್ಟಾಗುತ್ತದೆ. ಚರ್ಮ ಅಷ್ಟು ಹಿಗ್ಗಲಾರದು. ಆದ್ದರಿಂದ ಹುಳು ಆಗಾಗ ಮೇವು ಬಿಟ್ಟು, ತಲೆಯೆತ್ತಿ, ಅಲುಗಾಡದೆ ಕೂತು ಹಳೆಯ ಚರ್ಮವನ್ನು ಕಳಚುತ್ತದೆ. ರೈತರು ಇದನ್ನು ‘ಜ್ವರ’ ಎನ್ನುತ್ತಾರೆ. ನಾಲ್ಕು ಜ್ವರ ಕಳೆದು, ಐದನೆಯ ಹಂತದ ಕೊನೆಗೆ ಹುಳು ಹಣ್ಣಾಗುತ್ತದೆ, ಅಂದರೆ ಗೂಡು ಕಟ್ಟಲು ಸಿದ್ಧವಾಗುತ್ತದೆ. ಚಂದ್ರಿಕೆ ಎಂಬ ತಟ್ಟಿಯ ಮೇಲೆ ಗೂಡು ಕಟ್ಟಿ, ಅದರೊಳಗೆ ಮತ್ತೊಮ್ಮೆ ಚರ್ಮ ಕಳಚುತ್ತದೆ. ಈ ಸಲ ಹೊರಬರುವುದು ಹುಳುವಲ್ಲ, ಕೋಶ, ಅಂದರೆ ಪ್ಯೂಪಾ. ಹೊಸಬರು ಇಲ್ಲಿ ಎಡವುತ್ತಾರೆ: ನೂಲಿನ ಹೊದಿಕೆ ಗೂಡು, ಅದರೊಳಗಿನ ಜೀವ ಕೋಶ.

ನಾಲ್ಕು ಸಲ ಹುಳುವಾಗಿಯೇ ಉಳಿದದ್ದು ಐದನೆಯ ಸಲ ಕೋಶವಾಗಬೇಕೆಂದು ತೀರ್ಮಾನಿಸುವವರು ಯಾರು?

ಈ ಪ್ರಶ್ನೆಯನ್ನು ಬಿಡಿಸತೊಡಗಿದವರು ಪೋಲೆಂಡಿನ ಸ್ಟೆಫಾನ್ ಕೊಪೆಚ್. ಅವರ ಬರಹಗಳು 1917 ಮತ್ತು 1922ರವು. ಕೀಟಗಳ ರಕ್ತ ನಮ್ಮದರಂತೆ ನಾಳಗಳಲ್ಲಿ ಹರಿಯುವುದಿಲ್ಲ, ಮೈಯ ಪೊಳ್ಳಿನಲ್ಲಿ ತುಂಬಿಕೊಂಡಿರುತ್ತದೆ. ಇದು ನೆನಪಿರಲಿ. ಮರದ ಎಲೆ ತಿನ್ನುವ ಜಿಪ್ಸಿ ಪತಂಗದ ಕೊನೆಯ ಹಂತದ ಹುಳುವನ್ನು ಹಿಡಿದು ಕೊಪೆಚ್ ಅದರ ನಡುವಿಗೆ ದಾರ ಬಿಗಿದರು. ಮುಂದಿನ ರಕ್ತ ಹಿಂದಕ್ಕೆ ದಾಟದಂತಾಯಿತು. ಆ ಹಂತದ ಆರಂಭದಲ್ಲಿ ಬಿಗಿದರೆ ಮುಂಭಾಗವಷ್ಟೇ ಕೋಶವಾಯಿತು, ಹಿಂಭಾಗ ಹುಳುವಾಗಿಯೇ ಉಳಿಯಿತು. ಕೆಲವು ದಿನ ಬಿಟ್ಟು ಬಿಗಿದರೆ ಎರಡೂ ಭಾಗ ಕೋಶವಾದವು. ನರವನ್ನು ಕತ್ತರಿಸಿದರೂ ಬದಲಾವಣೆ ನಿಲ್ಲಲಿಲ್ಲ. ಮೊದಲೇ ಮಿದುಳನ್ನು ತೆಗೆದಾಗ ಮಾತ್ರ ಹುಳು ಕೋಶವಾಗಲಿಲ್ಲ. ಹಾಗಾದರೆ ಅಪ್ಪಣೆ ಮಿದುಳಿನಿಂದ ಹೊರಡುತ್ತದೆ, ಆದರೆ ನರದ ಮೂಲಕವಲ್ಲ, ರಕ್ತದಲ್ಲಿ ಬೆರೆತ ಯಾವುದೋ ರಾಸಾಯನಿಕದ ಮೂಲಕ. ಇಂಥ ರಾಸಾಯನಿಕಕ್ಕೆ ಹಾರ್ಮೋನು ಎಂದು ಹೆಸರು. ಒಂದೆಳೆ ದಾರದಿಂದ ಇಷ್ಟನ್ನು ಹೊರಗೆಡವಿದ ಪ್ರಯೋಗ ನನಗೆ ಇಂದಿಗೂ ಅಚ್ಚುಮೆಚ್ಚು.

ಮುಂದಿನ ಹೆಜ್ಜೆ ಜಪಾನಿನದು. ಮಿದುಳಿನ ಅಪ್ಪಣೆ ಎದೆಭಾಗದ ಒಂದು ಗ್ರಂಥಿಗೆ ತಲುಪುತ್ತದೆ. ಚರ್ಮ ಕಳಚಿಸುವ ಹಾರ್ಮೋನು ಒಸರುವುದು ಆ ಗ್ರಂಥಿಯಿಂದ ಎಂಬುದನ್ನು 1940ರಲ್ಲಿ ಫುಕುಡಾ ರೇಷ್ಮೆಹುಳುವಿನಲ್ಲಿಯೇ ತೋರಿಸಿದರು. 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್ಸನ್ ಆ ಹಾರ್ಮೋನನ್ನು ಬೇರ್ಪಡಿಸಿದರು. 500 ಕಿಲೋ ರೇಷ್ಮೆ ಕೋಶಗಳಿಂದ ಅವರಿಗೆ ದಕ್ಕಿದ್ದು 25 ಮಿಲಿಗ್ರಾಂ! ಅದರ ಹೆಸರು ಎಕ್ಡೈಸೋನ್.

ಆದರೆ ಎಕ್ಡೈಸೋನ್ ಪ್ರತಿ ಜ್ವರದಲ್ಲೂ ಒಸರುತ್ತದೆ. ವ್ಯತ್ಯಾಸ ಮಾಡುವುದು ಇನ್ನೊಂದು ಹಾರ್ಮೋನು. ಮಿದುಳಿನ ಹಿಂದಿರುವ ಪುಟ್ಟ ಗ್ರಂಥಿಗಳಿಂದ ಬರುವ ಅದನ್ನು ಬಾಲ್ಯ ಹಾರ್ಮೋನು ಎನ್ನಬಹುದು. ಅದು ರಕ್ತದಲ್ಲಿರುವಷ್ಟು ಕಾಲ ಚರ್ಮ ಕಳಚಿದರೂ ಹುಳು ಹುಳುವೇ. ಕೊನೆಯ ಹಂತದಲ್ಲಿ ಅದು ಇಳಿದುಹೋದ ಮೇಲೆ ಬರುವ ಎಕ್ಡೈಸೋನ್ ಕೋಶವನ್ನು ರೂಪಿಸುತ್ತದೆ. ಎಳೆಯ ರೇಷ್ಮೆಹುಳುಗಳಿಂದ ಆ ಗ್ರಂಥಿಗಳನ್ನು ತೆಗೆದರೆ ಅವು ಅವಧಿಗೆ ಮುಂಚೆಯೇ ಪುಟ್ಟ ಗೂಡು ಕಟ್ಟಿ ಕೋಶವಾಗುತ್ತವೆ.

ಈ ತಿಳಿವಳಿಕೆ ಪ್ರಯೋಗಾಲಯದಲ್ಲೇ ಉಳಿದಿಲ್ಲ. ಎಕ್ಡೈಸೋನಿನಂಥ ವಸ್ತುಗಳು ಕೆಲವು ಗಿಡಗಳಲ್ಲೂ ಇವೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ‘ಸಂಪೂರ್ಣ’ ಎಂಬ ಉತ್ಪನ್ನ ಅವುಗಳಿಂದಲೇ ಆದದ್ದು. ಸೊಪ್ಪಿನ ಮೇಲೆ ಸಿಂಪಡಿಸಿ ಕೊಟ್ಟರೆ ಹುಳುಗಳು ಒಟ್ಟಿಗೆ ಹಣ್ಣಾಗುತ್ತವೆ. ಮುಂದೆ ಹುಳುಮನೆಗೆ ಹೋದಾಗ, ಅದನ್ನು ಯಾವ ಹೊತ್ತಿಗೆ ಸಿಂಪಡಿಸುತ್ತೀರಿ, ಮೊದಲೇ ಯಾಕಿಲ್ಲ ಎಂದು ರೈತರನ್ನು ಕೇಳಿ ನೋಡಿ.