ಅಪ್ಪಯ್ಯನ ಕೈಗೆ ಕೆಲಸ ಕೊಡು

ಪ್ರೀತಿಯ ಕೂಸಿಗೆ,

ಮಳೆ ಹಿಡಿಯುವುದರೊಳಗೆ ಇಲ್ಲಿ ಅಡಿಕೆ ತೋಟಕ್ಕೆ ಮೊದಲನೇ ಮದ್ದು ಹೊಡೆದು ಮುಗಿಯಿತು.

ಫೋನಿನಲ್ಲಿ ಹೇಳಿದ್ದನ್ನು ಮತ್ತೆ ತೆಗೆದು ನೋಡಲಾಗುವುದಿಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಬೆಂಗಳೂರಿಗೆ ಬಂದ ಮೇಲೆ ನಿನ್ನ ಅಪ್ಪಯ್ಯ, ನನ್ನ ಅಣ್ಣ, ಇಡೀ ದಿನ ಸೋಫಾದ ಮೇಲೆ ಕೂತಿರುತ್ತಾನೆ, ಟಿವಿ ಹಾಕಿದರೆ ತೂಕಡಿಸುತ್ತಾನೆ, ಬಣ್ಣ ತುಂಬುವ ಪುಸ್ತಕ ತಂದುಕೊಟ್ಟರೆ ತಳ್ಳಿಬಿಟ್ಟ, ಸಂಜೆಯಾದರೆ ಬಾಗಿಲ ಚಿಲಕ ಎಳೆಯುತ್ತ ‘ತೋಟಕ್ಕೆ ಹೋಗಬೇಕು’ ಎನ್ನುತ್ತಾನೆ ಎಂದು ನೀನು ಹೇಳಿದೆ. ‘ಹೊತ್ತು ಕಳೆಯಲು ಏನು ಕೊಡಲಿ ಅತ್ತೆ?’ ಎಂದು ಕೇಳಿದೆ. ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ತಲೆ ಹಣ್ಣಾದವಳು, ಮನೆಯಲ್ಲೂ ಇದೇ ಮರೆವಿನ ಕಾಯಿಲೆಯ ನನ್ನ ಅತ್ತೆಯವರನ್ನು ಕೊನೆಯವರೆಗೆ ನೋಡಿಕೊಂಡವಳು. ಆ ಅನುಭವದ ಮೇಲೆ ಹೇಳುತ್ತೇನೆ: ಅಣ್ಣನಿಗೆ ಆಟದ ಸಾಮಾನು ಬೇಡ, ಕೆಲಸ ಬೇಕು. ಅವನು ಮಾಡಿದ್ದು ಮನೆಯಲ್ಲಿ ಯಾರಿಗಾದರೂ ಉಪಯೋಗಕ್ಕೆ ಬರಬೇಕು, ಬಂದದ್ದು ಅವನ ಕಣ್ಣಿಗೆ ಬೀಳಬೇಕು. ಜೀವಮಾನವಿಡೀ ತೋಟ ಮಾಡಿದ ಮನುಷ್ಯನ ಮುಂದೆ ಕರಡಿಮರಿಯ ಚಿತ್ರ ಇಟ್ಟರೆ ತಳ್ಳದೆ ಇನ್ನೇನು ಮಾಡುತ್ತಾನೆ?

ಡಾಕ್ಟರು ಆಲ್ಜೈಮರ್ ಎಂದರಲ್ಲ, ಆ ಕಾಯಿಲೆ ಸಾಮಾನ್ಯವಾಗಿ ಮೊದಲು ಹಿಡಿಯುವುದು ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗವನ್ನು. ಹೊಸದಾಗಿ ನಡೆದದ್ದನ್ನು ನೆನಪಿಗೆ ಇಳಿಸುವುದು ಅದರ ಕೆಲಸ. ಹಾಗಾಗಿಯೇ ಬೆಳಗ್ಗೆ ತಿಂದ ದೋಸೆ ಮಧ್ಯಾಹ್ನಕ್ಕೆ ಮರೆತಿರುತ್ತದೆ. ಕೈಗೆ ರೂಢಿಯಾದ ವಿದ್ಯೆ ಮೆದುಳಿನ ಬೇರೆ ಭಾಗಗಳನ್ನು ನೆಚ್ಚಿಕೊಂಡದ್ದು, ಅದು ಬಹಳ ಕಾಲ ಉಳಿಯುತ್ತದೆ. ನನ್ನ ಅತ್ತೆಯವರಿಗೆ ನನ್ನ ಹೆಸರು ಮರೆತುಹೋಗಿತ್ತು. ಹತ್ತಿ ಕೈಗೆ ಕೊಟ್ಟರೆ ಮಾತ್ರ ಬತ್ತಿಗಳು ಒಂದೇ ಅಳತೆಯಲ್ಲಿ ಸಾಲುಸಾಲಾಗಿ ಬರುತ್ತಿದ್ದವು. ಸಂಜೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಬತ್ತಿಯಿಂದ ದೀಪ ಹಚ್ಚುತ್ತಿದ್ದೆವು.

ಬರುವ ವಾರ ಬಸ್ಸಿನ ಪಾರ್ಸೆಲ್ಲಿನಲ್ಲಿ ಒಂದು ಚೀಲ ಒಣ ಅಡಿಕೆ ಕಳಿಸುತ್ತೇನೆ. ರಾಶಿ, ಬೆಟ್ಟೆ, ಸರಕು, ಗೊರಬಲು ಎಲ್ಲ ಬಗೆಯನ್ನೂ ಬೆರೆಸಿಯೇ ಕಳಿಸುವವಳು. ಬೇರೆ ಮಾಡುವುದು ಅವನ ಪಾಲಿನ ಕೆಲಸ. ಆರಿಸಿದ್ದನ್ನು ವಾಪಸು ಕಳಿಸು, ಇಲ್ಲಿ ಮಂಡಿಗೆ ಹೋಗುವ ಚೀಲಕ್ಕೆ ಸೇರಿಸಿ ಅವನಿಗೇ ಫೋನ್ ಮಾಡಿ ಹೇಳುತ್ತೇನೆ. ಬೆಟ್ಟೆಯ ಗುಡ್ಡೆಗೆ ಗೊರಬಲು ಬಿದ್ದಿದ್ದರೂ ಅವನೆದುರು ಕೂತು ಮತ್ತೆ ಆರಿಸಬೇಡ, ಅದನ್ನು ನಾನು ನೋಡಿಕೊಳ್ಳುತ್ತೇನೆ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಕೇಳಿದರೆ ಮಾತ್ರ ಕೊಡುವುದು ಬೇಡ. ಅಡಿಕೆ ಬಾಯಿಗೂ ಹೋಗಬಾರದು. ಗಂಟಲಿಗೆ ಸಿಕ್ಕಿಕೊಳ್ಳುವ ಭಯ ಒಂದಾದರೆ, ಹೊಗೆಸೊಪ್ಪಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಅಡಿಕೆಯಿಂದಲೇ ಉಂಡ ಮನೆಯವರಾದರೂ ಇದನ್ನು ನಾವು ಮುಚ್ಚಿಡಬಾರದು.

ಕೆಲಸ ಹಚ್ಚುವ ಕ್ರಮ ಒಂದಿದೆ. ‘ಅಪ್ಪಯ್ಯಾ, ಅಡಿಕೆ ಆರಿಸ್ತೀಯಾ?’ ಎಂದು ದೂರದಿಂದ ಕೇಳಿದರೆ ‘ಬೇಡ’ ಎಂದೇ ಉತ್ತರ ಬರುತ್ತದೆ, ಕೇಳಿದ್ದನ್ನು ಮನಸ್ಸಿನಲ್ಲಿ ಹಿಡಿದುಕೊಂಡು ಶುರುಮಾಡುವುದೇ ಅವನಿಗೆ ಕಷ್ಟ. ಮೊರ ತಂದು ಅವನ ಮುಂದಿಡು, ನೀನು ಪಕ್ಕದಲ್ಲಿ ಕೂತು ಆರಿಸತೊಡಗು, ಒಂದು ಅಡಿಕೆ ಅವನ ಕೈಗೆ ಕೊಡು. ಮುಂದಿನದನ್ನು ಕೈಯೇ ನೋಡಿಕೊಳ್ಳುತ್ತದೆ. ಒಂದು ಸಲಕ್ಕೆ ಒಂದೇ ಮಾತು ಹೇಳು. ಟಿವಿ ಬಂದ್ ಮಾಡಿರು. ಹದಿನೈದು ಇಪ್ಪತ್ತು ನಿಮಿಷ ಕೂತರೆ ಧಾರಾಳವಾಯಿತು, ಎದ್ದರೆ ತಡೆಯಬೇಡ. ನಾಲ್ಕು ಗುಡ್ಡೆ ಗೊಂದಲವಾಗುತ್ತದೆ ಎನ್ನಿಸಿದರೆ ಎರಡು ಮಾಡು. ಅದೂ ಆಗದ ದಿನ ಬಂದರೆ ಮೊರದಲ್ಲಿ ಕೈಯಾಡಿಸುವುದೇ ಕೆಲಸ ಎಂದುಕೋ. ಕೆಲಸ ಚಿಕ್ಕದಾಗುತ್ತ ಹೋಗುತ್ತದೆ, ನಿಲ್ಲಬೇಕಾಗಿಲ್ಲ.

ಆಯ್ಕೆಯನ್ನೂ ಅವನಿಗೆ ಬಿಡು. ಅಂಗಿ ಎರಡು ತೋರಿಸಿ ಯಾವುದು ಎಂದು ಕೇಳು. ಇಡೀ ಕಪಾಟು ತೆರೆದು ನಿಲ್ಲಿಸಿದರೆ ದಿಕ್ಕು ತಪ್ಪುತ್ತದೆ. ಅಮೆರಿಕದ ಕನೆಕ್ಟಿಕಟ್‌ನ ಒಂದು ವೃದ್ಧಾಶ್ರಮದಲ್ಲಿ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ಒಂದು ಪ್ರಯೋಗ ಮಾಡಿ 1976ರಲ್ಲಿ ಪ್ರಕಟಿಸಿದರು. ಒಂದು ಮಹಡಿಯ ಹಿರಿಯರಿಗೆ ‘ನಿಮ್ಮ ದಿನಚರಿ ನಿಮ್ಮ ಕೈಯಲ್ಲಿ’ ಎಂದು ಹೇಳಿ ಬೇಕಾದ ಗಿಡ ಆರಿಸಿಕೊಳ್ಳಲು ಬಿಟ್ಟರು, ನೀರೆರೆಯುವ ಹೊಣೆಯೂ ಅವರದೇ. ಇನ್ನೊಂದು ಮಹಡಿಯವರಿಗೂ ಗಿಡ ಸಿಕ್ಕಿತು, ನೀರು ಮಾತ್ರ ನರ್ಸುಗಳು ಹಾಕಿದರು. ಮೂರು ವಾರ ಕಳೆದು ನೋಡಿದರೆ ಹೊಣೆ ಹೊತ್ತವರು ಹೆಚ್ಚು ಚುರುಕಾಗಿದ್ದರು, ಹೆಚ್ಚು ಗೆಲುವಾಗಿದ್ದರು. ಅವರು ಅಣ್ಣನಂಥ ರೋಗಿಗಳಾಗಿರಲಿಲ್ಲ, ನಿಜ. ಆದರೂ ವಾರ್ಡಿನಲ್ಲಿ ನಾನು ಕಂಡದ್ದಕ್ಕೆ ಅದು ಹೊಂದುತ್ತದೆ: ಎಲ್ಲವನ್ನೂ ನಾವೇ ಮಾಡಿಕೊಟ್ಟಷ್ಟೂ ರೋಗಿ ಬೇಗ ಸೊರಗುತ್ತಾನೆ. ನಿನ್ನ ಬಾಲ್ಕನಿಯಲ್ಲಿ ದೊಡ್ಡಪತ್ರೆಯೋ ವೀಳ್ಯದ ಬಳ್ಳಿಯೋ ಒಂದಿರಲಿ. ನೀರು ಅವನೇ ಹಾಕಲಿ. ಎರಡು ಸಲ ಹಾಕಿದರೆ ಗಿಡ ಸಾಯುವುದಿಲ್ಲ, ಕುಂಡದ ಕೆಳಗೆ ತೂತು ಸರಿಯಾಗಿರಲಿ.

ಹೊಸ ಕೆಲಸವನ್ನು ಬೆಳಗಿನ ಹೊತ್ತಿಗೇ ಇಟ್ಟುಕೋ, ತಲೆ ತಿಳಿಯಾಗಿರುವುದು ಆಗಲೇ. ಕಾಫಿ, ಸ್ನಾನ, ಎಳೆಬಿಸಿಲಲ್ಲಿ ಒಂದು ಸುತ್ತು, ಆಮೇಲೆ ಕೆಲಸ, ಇದೇ ಕ್ರಮ ದಿನವೂ ನಡೆಯಲಿ. ಹೊತ್ತಿಳಿದಂತೆ ಗಲಿಬಿಲಿ ಹೆಚ್ಚುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಕತ್ತಲಾಗುವ ಮುಂಚೆಯೇ ದೀಪ ಹಾಕು, ಮಧ್ಯಾಹ್ನದ ನಿದ್ದೆ ಉದ್ದವಾಗದಿರಲಿ. ‘ತೋಟಕ್ಕೆ ಹೋಗಬೇಕು’ ಎಂದಾಗ ‘ಇದು ಬೆಂಗಳೂರು, ತೋಟ ಎಲ್ಲಿದೆ?’ ಎಂದು ವಾದಿಸಿದರೆ ಇಬ್ಬರಿಗೂ ಸೋಲೇ. ‘ಕೊನೆ ಕೊಯ್ಯಲು ಕೊನೆಗೌಡ ಬಂದನಾ? ಮದ್ದಿಗೆ ಮೈಲುತುತ್ತ ಸುಣ್ಣ ಹೇಗೆ ಹದ ಮಾಡ್ತಿದ್ದೆ?’ ಎಂದು ಮಾತಿಗೆಳೆದು, ಕೈಹಿಡಿದು ಕೆಳಗೆ ಒಂದು ಸುತ್ತು ಹಾಕಿಸು. ಸಲಹೆ ಕೇಳುವ ಹಾಗೆ ಕೇಳು, ಪರೀಕ್ಷೆ ಮಾಡುವ ಹಾಗಲ್ಲ. ‘ನಾನ್ಯಾರು ಹೇಳು ನೋಡೋಣ’ ಎಂದು ಬಂದುಹೋಗುವ ನೆಂಟರು ಕೇಳುತ್ತಾರಲ್ಲ, ಅವರ ಬಾಯನ್ನು ಮೊದಲು ಮುಚ್ಚಿಸು.

ಸುತ್ತು ಮುಗಿಸಿ ಬಂದ ಮೇಲೆ ತಾಳಮದ್ದಳೆಯ ರೆಕಾರ್ಡಿಂಗ್ ಹಾಕು. ಹಳೆಯ ಪದ್ಯ, ರಾಗ ಮರೆವಿನ ನಡುವೆಯೂ ಬಹಳ ಕಾಲ ಉಳಿಯುತ್ತವೆ. ಅರ್ಥಗಾರಿಕೆ ಹಿಡಿಯಲಾಗದಿದ್ದರೂ ತೊಡೆಯ ಮೇಲೆ ತಾಳ ಬೀಳುತ್ತದೆ. ದನಿ ಸಣ್ಣಗಿರಲಿ, ಚಂಡೆಯ ಅಬ್ಬರ ಅವನಿಗೆ ಗಾಬರಿ ತರಬಹುದು.

ನಿನ್ನ ಹಾಗೆ ನೋಡಿಕೊಳ್ಳುತ್ತಿರುವ ಗೆಳತಿಯರಿಗೂ ಇದನ್ನು ಓದಿ ಹೇಳು. ಎಲ್ಲರ ಮನೆಯಲ್ಲೂ ಅಡಿಕೆ ಇರುವುದಿಲ್ಲ. ಆ ಮನುಷ್ಯ ಮೊದಲು ಏನಾಗಿದ್ದ ಎಂದು ಕೇಳಿಕೊಂಡರೆ ಕೆಲಸ ತಾನಾಗಿ ಸಿಗುತ್ತದೆ. ಬಾಳೆನಾರಿನಲ್ಲಿ ಹೂ ಕಟ್ಟುವುದು, ಅವರೆಕಾಯಿ ಸುಲಿಯುವುದು, ಸೊಪ್ಪು ಬಿಡಿಸುವುದು, ಮೇಷ್ಟರಾಗಿದ್ದವರಿಗೆ ಮೊಮ್ಮಗುವಿನ ಪುಸ್ತಕಕ್ಕೆ ರಟ್ಟು ಹಾಕುವುದು, ಬ್ಯಾಂಕಿನಲ್ಲಿದ್ದವರಿಗೆ ಚಿಲ್ಲರೆ ಎಣಿಸಿ ಕಟ್ಟಿಡುವುದು. ಲಕ್ವ ಹೊಡೆದು ಒಂದು ಕೈ ಬಿದ್ದವರು ಇನ್ನೊಂದು ಕೈಯಿಂದ ಒಗೆದ ಬಟ್ಟೆಯ ರಾಶಿಯಿಂದ ಕಾಲುಚೀಲದ ಜೋಡಿ ಹುಡುಕಿಕೊಡಬಹುದು. ಹಾಸಿಗೆ ಹಿಡಿದವರ ದಿನವನ್ನೂ ತುಂಬಬಹುದು: ಅಂಗಾಲಿಗೆ ಎಣ್ಣೆ ತಿಕ್ಕುವುದು, ಸಂಪಿಗೆಯ ವಾಸನೆ ತೋರಿಸುವುದು, ಹಳೆಯ ಶಾಲು ಕೈಗೆ ಕೊಡುವುದು, ಹೆಸರು ಹಿಡಿದು ಮಾತಾಡಿಸುವುದು.

ಇನ್ನು ನರ್ಸಮ್ಮನ ಮಾತು. ಕೆಲಸ ಮಾಡುತ್ತಿದ್ದವನು ಇದ್ದಕ್ಕಿದ್ದಂತೆ ಮಂಕಾದರೆ, ಇಲ್ಲವೇ ಒಂದೆರಡು ದಿನದಲ್ಲಿ ಗಲಾಟೆ ವಿಪರೀತವಾದರೆ ಕಾಯಿಲೆ ಮುಂದುವರಿಯಿತು ಎಂದು ಕೈಕಟ್ಟಿ ಕೂರಬೇಡ. ಮೂತ್ರದ ಸೋಂಕು, ಮಲಬದ್ಧತೆ, ಎಲ್ಲೋ ನೋವು, ಹೊಸ ಮಾತ್ರೆ, ಇವು ಯಾವುದಾದರೂ ಇರಬಹುದು, ಡಾಕ್ಟರಿಗೆ ತೋರಿಸು. ಅಂಗಿಯ ಜೇಬಿನಲ್ಲಿ ಹೆಸರು, ನಿನ್ನ ಫೋನ್ ನಂಬರ್ ಬರೆದ ಚೀಟಿ ಸದಾ ಇರಲಿ. ಹೋಂ ನರ್ಸ್ ಇಟ್ಟುಕೊಂಡರೆ ಮಾತ್ರೆಯ ಪಟ್ಟಿಯ ಜೊತೆಗೆ ಅಣ್ಣನ ಬಗ್ಗೆ ಒಂದು ಹಾಳೆ ಬರೆದುಕೊಡು: ಏನು ಮಾಡುತ್ತಿದ್ದ, ಏನೆಂದು ಕರೆದರೆ ತಿರುಗುತ್ತಾನೆ, ಕಾಫಿಗೆ ಎಷ್ಟು ಬೆಲ್ಲ, ಯಾವ ಮಾತಿಗೆ ಸಿಟ್ಟು ಬರುತ್ತದೆ. ಇದರಿಂದ ಕಾಯಿಲೆ ವಾಸಿಯಾಗುವುದಿಲ್ಲ. ದಿನ ಹಗುರವಾಗುತ್ತದೆ, ಅವನಿಗೂ ನಿನಗೂ. ಏನೂ ಮಾಡಲೊಲ್ಲದ ದಿನವೂ ಬರುತ್ತದೆ, ಆ ದಿನ ಪಕ್ಕದಲ್ಲಿ ಕೂತರೆ ಸಾಕು.

ಒಬ್ಬಳೇ ಹೊರಬೇಡ ಕೂಸೇ. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜು. ಅಷ್ಟೂ ಮನೆಗಳಲ್ಲಿ ನಿನ್ನಂಥವರಿದ್ದಾರೆ. ನೀನಿರುವ ಊರಿನಲ್ಲೇ ನಿಮ್ಹಾನ್ಸ್ ಇದೆ, ಈ ಕಾಯಿಲೆಗೆಂದೇ ಹಗಲು ಆರೈಕೆ ನಡೆಸುವ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಇದೆ, ಹಿರಿಯರಿಗಾಗಿ ಸರ್ಕಾರದ ಸಹಾಯವಾಣಿ 14567 ಇದೆ. ಕೇಳುವುದರಲ್ಲಿ ನಾಚಿಕೆ ಬೇಡ. ನಿನ್ನ ತಮ್ಮನಿಗೆ ಹೇಳು, ಭಾನುವಾರದ ಬೆಳಗು ಅವನ ಪಾಲಿಗೆ. ದುಡ್ಡು ಕಳಿಸಿದರೆ ಮಗನ ಕೆಲಸ ಮುಗಿಯಲಿಲ್ಲ, ಮೊರದ ಮುಂದೆ ಕೂರಲು ಅವನಿಗೂ ಬರುತ್ತದೆ. ಅವನು ಒಪ್ಪದಿದ್ದರೆ ನನ್ನ ಹತ್ತಿರ ಮಾತಾಡಲು ಹೇಳು, ಒಪ್ಪಿಸುವುದು ನನ್ನ ಜವಾಬ್ದಾರಿ.

ಇತಿ ನಿನ್ನ ಪ್ರೀತಿಯ
ಅತ್ತೆ