ಆರಿಸಬಾರದಿತ್ತು

ಕಳೆದ ಜುಲೈನ ಆ ಸಂಜೆ ಓ.ಎಲ್.ಟಿ., ಅಂದರೆ ಮನೆಗಳಿಗೆ ಫೈಬರ್ ಇಂಟರ್‌ನೆಟ್ ಹಂಚುವ ಪೆಟ್ಟಿಗೆ, ಓಡುತ್ತಲೇ ಇತ್ತು. ಮೂರು ವಾರದಿಂದ ದಿನಕ್ಕೊಮ್ಮೆ ತಾನಾಗಿ ರೀಸ್ಟಾರ್ಟ್ ಆಗುತ್ತಿತ್ತು, ಅಷ್ಟೆ. ‘ಒಂದ್ಸಲ ಆಫ್ ಮಾಡಿ ಆನ್ ಮಾಡಿ’ ಅಂತ ಗ್ರಾಹಕರಿಗೆ ದಿನಕ್ಕೆ ಹತ್ತು ಸಲ ಹೇಳುವವನು ನಾನು. ಏಳೂವರೆಗೆ ಅದನ್ನೇ ಮಾಡಿದೆ. ಹತ್ತರವರೆಗೆ ಎಣಿಸಿ ಸ್ವಿಚ್ ಒತ್ತಿದೆ. ಫ್ಯಾನ್ ತಿರುಗಲಿಲ್ಲ. ಒಂದು ದೀಪವೂ ಹತ್ತಲಿಲ್ಲ.

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಊರು, ಸುತ್ತಲ ತೋಟದ ಮನೆಗಳು ಸೇರಿ 210 ಮನೆಗೆ ಇಂಟರ್‌ನೆಟ್ ಹೋಗುವುದು ಆ ಒಂದು ಪೆಟ್ಟಿಗೆಯಿಂದ. ಅದಕ್ಕೆ ಎರಡು ಪವರ್ ಸಪ್ಲೈ ಇವೆ. ಒಂದು ಸತ್ತರೆ ಇನ್ನೊಂದು ಹೊರಲಿ ಎಂದೇ ಸಾಲ ಮಾಡಿ ಎರಡಿರುವುದನ್ನು ತಂದಿದ್ದೆ. ಒಂದನ್ನು ಯುಪಿಎಸ್‌ಗೆ, ಇನ್ನೊಂದನ್ನು ನೇರ ಲೈನಿಗೆ ಕೊಟ್ಟಿದ್ದೆ. ಬಗ್ಗಿ ರ್‍ಯಾಕಿನ ಹಿಂದೆ ಟಾರ್ಚ್ ಬಿಟ್ಟಾಗ ಗೊತ್ತಾಯಿತು, ನೇರ ಲೈನಿನದು ಯಾವತ್ತೋ ಸತ್ತಿತ್ತು. ಅದರ ದೀಪ ಗೋಡೆಯ ಕಡೆಗಿತ್ತು.

ಸತ್ತದ್ದು ಯಾವಾಗ ಎಂಬುದು ಆಮೇಲೆ ಲಾಗ್ ತೆರೆದಾಗ ಸಿಕ್ಕಿತು. ಅದರ ಹಿಂದಿನ ಮಳೆಗಾಲದಲ್ಲಿ ಮರ ಬಿದ್ದು ನ್ಯೂಟ್ರಲ್ ತಂತಿ ತುಂಡಾಗಿತ್ತು. ನ್ಯೂಟ್ರಲ್ ಹೋದರೆ 230 ಇರಬೇಕಾದ ವೋಲ್ಟೇಜ್ ಕೆಲವು ಮನೆಗಳಲ್ಲಿ 400ರ ಹತ್ತಿರಕ್ಕೆ ಏರುತ್ತದೆ. ಆ ರಾತ್ರಿ ನಮ್ಮ ಕೇರಿಯಲ್ಲಿ ಮೂರು ಟಿ.ವಿ. ಸುಟ್ಟಿದ್ದವು. ಈ ಸಪ್ಲೈ ಸತ್ತದ್ದೂ ಅದೇ ರಾತ್ರಿ. ಮರ ಕಡಿಸಿ ಎಂದು ವಿದ್ಯುತ್ ಕಚೇರಿಗೆ ಮೇ ತಿಂಗಳಲ್ಲೇ ಬರೆದುಕೊಟ್ಟಿದ್ದೆ. ಸಾಹೇಬರು ಅರ್ಜಿಯನ್ನು ಓದದೆ ಬದಿಗಿಟ್ಟಿದ್ದನ್ನು ಕಣ್ಣಾರೆ ಕಂಡವನು ನಾನು, ಆ ಸಿಟ್ಟು ಇವತ್ತಿಗೂ ಇದೆ. ಆದರೆ ಆಮೇಲಿನ ಹನ್ನೊಂದು ತಿಂಗಳು ಲಾಗ್ ನೋಡದೇ ಇದ್ದದ್ದು ಸಾಹೇಬರಲ್ಲ, ನಾನು.

ಇನ್ನೊಂದು ತಪ್ಪೂ ನನ್ನದೇ. ರೀಸ್ಟಾರ್ಟ್ ಶುರುವಾದ ಎರಡನೇ ವಾರ ನನ್ನ ಭಾವಮೈದ, “ಭಾವ, ಇದು ಸಪ್ಲೈದೇ ತೊಂದರೆ, ಒಂದು ತರಿಸಿ ಇಟ್ಕೊಳ್ಳಾಣ” ಅಂದಿದ್ದ. ನಾನು ಮೀಟರ್ ಹಿಡಿದು ತೋರಿಸಿದೆ. 12 ವೋಲ್ಟ್ ಸರಿಯಾಗಿ ಬರುತ್ತಿತ್ತು. “ಇದಕ್ಕಿಂತ ಸಾಕ್ಷಿ ಬೇಕಾ?” ಅಂದೆ. ಮೀಟರ್ ತೋರಿಸುವುದು ಸರಾಸರಿಯನ್ನು. ಕೆಪಾಸಿಟರ್ ಒಣಗಿದಾಗ ಆ ಹನ್ನೆರಡರ ಒಳಗೇ ವೋಲ್ಟೇಜ್ ಕ್ಷಣಕ್ಷಣಕ್ಕೆ ಕುಸಿದು ಏಳುತ್ತಿರುತ್ತದೆ. ಅದು ಮೀಟರಿನಲ್ಲಿ ಕಾಣುವುದಿಲ್ಲ.

ಎಂಟು ಗಂಟೆಗೆ ಫೋನ್ ಶುರುವಾಯಿತು. ಅಮೆರಿಕದ ಪಾಳಿಯಲ್ಲಿ ಮನೆಯಿಂದಲೇ ಕೆಲಸ ಮಾಡುವವರು ನಮ್ಮಲ್ಲಿ ಹನ್ನೆರಡು ಜನ ಇದ್ದಾರೆ. ಅವರಿಗೆ ಏನೋ ಸಮಾಧಾನ ಹೇಳಿದೆ. ಒಂಬತ್ತಕ್ಕೆ ಒಬ್ಬ ಅಪ್ಪ, ಮಗಳು ಜಡಿಮಳೆಯಲ್ಲಿ ಬೈಕಿನಲ್ಲಿ ಬಂದು ಅಂಗಡಿಯ ಮೆಟ್ಟಿಲಲ್ಲಿ ನಿಂತರು. ಹುಡುಗಿಯ ಸಿಇಟಿ ಆಪ್ಷನ್ ಎಂಟ್ರಿ ಮಾರನೆಯ ಬೆಳಿಗ್ಗೆಗೆ ಮುಗಿಯುವುದಿತ್ತು. ಕರೆಂಟಿಲ್ಲದೆ ಅವರ ಕಡೆಯ ಮೊಬೈಲ್ ಟವರೂ ಮಲಗಿತ್ತು. ಆ ಅಪ್ಪ ಬೈಯಲಿಲ್ಲ. “ನೀವಿದ್ದೀರಲ್ಲ ಅಂತ ಬಂದೆ” ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಊರಲ್ಲಿ ಟಿ.ವಿ. ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರಿದ್ದಾರೆ, ಅಂಗಡಿ ಮುಚ್ಚಿ ಹತ್ತು ವರ್ಷವಾಯಿತು. ಭಾವಮೈದ ಕೊಡೆ ಹಿಡಿದು ಅವರನ್ನು ಕರೆತಂದ. ಅವರು ಕೇಳಿದ್ದು ಒಂದೇ ಮಾತು: “ಓಡ್ತಾ ಇದ್ದದ್ದನ್ನ ಆರಿಸಿದ್ದು ಯಾಕೆ ಮಾರಾಯಾ?” ಸಪ್ಲೈ ಶುರುವಾಗಲು ಒಳಗೊಂದು ಚಿಕ್ಕ ಕೆಪಾಸಿಟರ್ ಇರುತ್ತದೆ, ಅದು ಒಣಗಿದ್ದರೂ ಓಡುತ್ತಿರುವ ಸಪ್ಲೈ ಓಡುತ್ತಲೇ ಇರುತ್ತದೆ, ಆರಿಸಿದರೆ ಮಾತ್ರ ಮತ್ತೆ ಏಳುವುದಿಲ್ಲ ಎಂದು ಅವರೇ ವಿವರಿಸಿದರು. ಚಳಿಗೆ ಇನ್ನೂ ಕಷ್ಟ, ಬೆಚ್ಚಗೆ ಮಾಡಿದರೆ ಒಂದು ಸಲ ಏಳಬಹುದು ಅಂದರು. ವಯರ್ ಕಿತ್ತು, ಕವರ್ ಬಿಚ್ಚಿ, ದೊಡ್ಡ ಕೆಪಾಸಿಟರಿನಲ್ಲಿ ಉಳಿದಿದ್ದ ಚಾರ್ಜನ್ನು ಇಳಿಸಿದರು. ಅದರಲ್ಲಿ 320 ವೋಲ್ಟ್‌ವರೆಗೆ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿಯುತ್ತದೆ. ಈ ಕೆಲಸ ಗೊತ್ತಿಲ್ಲದವರು ದಯವಿಟ್ಟು ಕವರ್ ಬಿಚ್ಚಬೇಡಿ. ನನ್ನ ಹೆಂಡತಿ ಕೂದಲು ಒಣಗಿಸುವ ಡ್ರೈಯರ್ ತಂದುಕೊಟ್ಟಳು. ಐದು ನಿಮಿಷ ಬಿಸಿಗಾಳಿ ಹಿಡಿದು, ಕವರ್ ಹಾಕಿ, ಪ್ಲಗ್ ಚುಚ್ಚಿದರು. ಏಳಲಿಲ್ಲ. ಮತ್ತೆ ಎಲ್ಲ ಬಿಚ್ಚಿ ಹತ್ತು ನಿಮಿಷ ಹಿಡಿದರು. ಮಳೆಯ ಸದ್ದಿನಲ್ಲಿ ಯಾರೂ ಮಾತಾಡಲಿಲ್ಲ. ಮೂರನೇ ಸಲಕ್ಕೆ ಫ್ಯಾನ್ ತಿರುಗಿತು. ಹುಡುಗಿ ಅಲ್ಲೇ ನನ್ನ ಕುರ್ಚಿಯಲ್ಲಿ ಕೂತು ಹನ್ನೊಂದೂಕಾಲಿಗೆ ಆಪ್ಷನ್ ತುಂಬಿ ಮುಗಿಸಿದಳು.

ಆ ರಾತ್ರಿ ನಾನು ಮಲಗಲಿಲ್ಲ. ಎರಡು ಗಂಟೆಗೆ ಕರೆಂಟ್ ಹೋಯಿತು, ಯುಪಿಎಸ್ ಕೂಗತೊಡಗಿತು. ಅದರ ಬ್ಯಾಟರಿಗೆ ನಾಲ್ಕು ವರ್ಷ. ಅದು ಕೈಕೊಟ್ಟರೆ ಸಪ್ಲೈ ಆರುತ್ತದೆ, ಆರಿದರೆ ಮತ್ತೆ ಏಳುವುದಿಲ್ಲ. ಐವತ್ತು ನಿಮಿಷ ಆ ಕೂಗನ್ನು ಎಣಿಸುತ್ತ ಕೂತಿದ್ದೆ.

ಮೂರನೇ ದಿನ ಬೆಂಗಳೂರಿನಿಂದ ಎರಡು ಹೊಸ ಸಪ್ಲೈ ಬಂದವು. ಈಗ ನಾನು ಮಾಡುವುದು ಇಷ್ಟು. ಸಪ್ಲೈ ಕೆಟ್ಟರೆ, ರೀಸ್ಟಾರ್ಟ್ ಆದರೆ ಫೋನಿಗೆ ಸಂದೇಶ ಬರುವಂತೆ ಹಾಕಿಸಿದ್ದೇನೆ. ಆ ಸೌಲಭ್ಯ ಪೆಟ್ಟಿಗೆಯಲ್ಲಿ ಮೊದಲಿಂದಲೂ ಇತ್ತು. ತಿಂಗಳ ಮೊದಲ ಭಾನುವಾರ ಬೆಳಗಿನ ಜಾವ ಒಂದು ವಯರ್ ಕಿತ್ತು ಇನ್ನೊಂದರ ಮೇಲೆ ಓಡಿಸಿ ನೋಡುತ್ತೇನೆ, ಆಮೇಲೆ ಅದಲುಬದಲು. ನೇರ ಲೈನಿಗೆ ವೋಲ್ಟೇಜ್ ಏರಿದರೆ ಕಡಿದುಹಾಕುವ ರಕ್ಷಣೆ ಕೂರಿಸಿದ್ದೇನೆ. ರ್‍ಯಾಕನ್ನು ತಗಡಿನ ಮಾಡಿನ ಕೆಳಗಿಂದ ಕೆಳಗಿನ ಕೋಣೆಗೆ ಇಳಿಸಿದೆ. ಹತ್ತು ಡಿಗ್ರಿ ಬಿಸಿ ಹೆಚ್ಚಿದರೆ ಕೆಪಾಸಿಟರಿನ ಆಯಸ್ಸು ಹತ್ತಿರಹತ್ತಿರ ಅರ್ಧಕ್ಕಿಳಿಯುತ್ತದೆ ಎಂದು ಆ ಹಿರಿಯರೇ ಹೇಳಿದ್ದು. ಕಾರಣ ತಿಳಿಯದೆ ಯಾವುದನ್ನೂ ಆರಿಸುವುದಿಲ್ಲ. ಆರಿಸಲೇಬೇಕಾದರೆ ಬದಲಿ ಸಪ್ಲೈ ಕೈಯಲ್ಲಿರಬೇಕು.

ತಂತಿಯ ಮೇಲೆ ಬಾಗಿರುವ ಇನ್ನೊಂದು ಮರ ಅಲ್ಲೇ ಇದೆ. ಈ ಮೇ ತಿಂಗಳಲ್ಲೂ ಬರೆದುಕೊಟ್ಟಿದ್ದೇನೆ, ಈ ಸಲ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದಿದ್ದೇನೆ.